ಚಳಿಗೆ ಮೀನಿಗೇಕೆ ಹಸಿವಿಲ್ಲ?

ಹೋದ ಡಿಸೆಂಬರಿನಲ್ಲಿ ನನ್ನ ಮಗ ಬೆಂಗಳೂರಿನಲ್ಲಿ ಮನೆ ಬದಲಿಸಿದ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಒಡೆದೀತೆಂದು ಮೊಮ್ಮಗಳ ಗಾಜಿನ ಮೀನಿನ ತೊಟ್ಟಿ ಹಾಸನದ ನಮ್ಮ ಮನೆಗೆ ಬಂತು. ಅದರಲ್ಲಿ ನಾಲ್ಕು ಗೋಲ್ಡ್ ಫಿಷ್. "ದಿನಕ್ಕೆ ಎರಡು ಸಲ ಒಂದೊಂದು ಚಿಟಿಕೆ ಊಟ ಹಾಕು ತಾತ, ಮರೀಬೇಡ. ಬೇಸಿಗೆ ರಜೆಗೆ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದಳು.

ಜನವರಿಯ ಚಳಿ ಜೋರಾಯಿತು. ನಾನು ಮಫ್ಲರ್ ಸುತ್ತಿಕೊಂಡು ತೊಟ್ಟಿಯ ಹತ್ತಿರ ಹೋದರೆ, ಮೀನುಗಳು ತಳದ ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದವು. ಊಟ ಹಾಕಿದರೂ ಮೇಲೆ ಬರುತ್ತಿರಲಿಲ್ಲ. ಪಾಪ, ನಿಶ್ಶಕ್ತಿಯಾಗಿದೆ ಎಂದುಕೊಂಡು ದಿನಕ್ಕೆ ನಾಲ್ಕು ಸಲ ಹಾಕತೊಡಗಿದೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆಯಿತು. ನೀರು ಗಂಜಿಯಂತೆ ಬೆಳ್ಳಗಾಯಿತು. ಐದನೆಯ ಬೆಳಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಮೊಮ್ಮಗಳಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಹಾಕೋದು ಮರೆತ್ಯಾ ತಾತ?" ಎಂದಳು. ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಸಾಲಕ್ಕೆ ಬರುತ್ತಿದ್ದ ಮೀನು ಕೃಷಿಕರೊಬ್ಬರು ಆ ವಾರ ಸಂತೆಯಲ್ಲಿ ಸಿಕ್ಕರು. ವಿಷಯ ಕೇಳಿ, "ಚಳಿಗಾಲದಲ್ಲಿ ನಾವು ಹೊಂಡಕ್ಕೂ ಮೇವು ಕಡಿಮೆ ಮಾಡ್ತೀವಿ ಸಾರ್. ನೀರು ತಣ್ಣಗಾದ್ರೆ ಮೀನಿಗೆ ಹಸಿವಾಗಲ್ಲ" ಎಂದರು. ಅಲ್ಲಿಂದ ಈ ವಿಷಯ ಓದತೊಡಗಿದೆ.

ನಮ್ಮ ಮೈ ಚಳಿಗಾಲವಿರಲಿ, ಬೇಸಿಗೆಯಿರಲಿ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಅದಕ್ಕಾಗಿ ದೇಹ ಒಳಗೊಳಗೇ ಊಟವನ್ನು ಉರುವಲಿನಂತೆ ಬಳಸುತ್ತದೆ. ಸಾಮಾನ್ಯವಾಗಿ ಮೀನಿಗೆ ಆ ಏರ್ಪಾಡಿಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಮೀನಿನ ಮೈಯೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗೆ. ಊಟ ಜೀರ್ಣವಾಗುವುದು, ಉಸಿರಾಟ, ಬೆಳವಣಿಗೆ, ಇವೆಲ್ಲದರ ಹಿಂದೆ ದೇಹದೊಳಗಿನ ರಾಸಾಯನಿಕ ಕೆಲಸವಿದೆ. ಅದನ್ನೆಲ್ಲ ಒಟ್ಟಾಗಿ ಚಯಾಪಚಯ ಎನ್ನುತ್ತಾರೆ. ತಣ್ಣಗಾದರೆ ಈ ಕೆಲಸ ನಿಧಾನ, ಬೆಚ್ಚಗಾದರೆ ಚುರುಕು. ಮೀನು ತಡೆಯಬಲ್ಲ ಮಿತಿಯೊಳಗೆ ನೀರು 10 ಡಿಗ್ರಿ ಏರಿದರೆ ಚಯಾಪಚಯದ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಒಂದು ಅಂದಾಜಿನ ಲೆಕ್ಕ.

ಇನ್ನೊಂದು ಸಂಗತಿ ನನಗೆ ಆಶ್ಚರ್ಯ ತಂದಿತು. ಗೋಲ್ಡ್ ಫಿಷ್ ಗೆಂಡೆ ಮೀನಿನ ಕುಟುಂಬದ್ದು. ಈ ಕುಟುಂಬದ ಮೀನುಗಳಿಗೆ ಜಠರವೇ ಇಲ್ಲ! ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಚಳಿಯಲ್ಲಿ ಅದು ಬಹಳ ನಿಧಾನವಾಗಿ ಸಾಗುತ್ತದೆ. ಅಂದರೆ ನನ್ನ ಮೀನುಗಳಿಗೆ ನಿಶ್ಶಕ್ತಿಯಾಗಿರಲಿಲ್ಲ. ಅವು ಚಳಿಗೆ ತಕ್ಕಂತೆ ಬದುಕುತ್ತಿದ್ದವು, ಅಷ್ಟೆ.

ಶೀತ ದೇಶಗಳಲ್ಲಿ ಕೊಳದ ಮೇಲೆ ಮಂಜುಗಡ್ಡೆ ಕಟ್ಟಿದಾಗಲೂ ಗೋಲ್ಡ್ ಫಿಷ್ ಬದುಕುತ್ತದೆ. ನೀರು 4 ಡಿಗ್ರಿಯಲ್ಲಿ ಅತಿ ಹೆಚ್ಚು ಸಾಂದ್ರ. ಆದ್ದರಿಂದ ಅಂಥ ನೀರು ತಳದಲ್ಲಿ ಉಳಿದು, ಮಂಜುಗಡ್ಡೆ ಮೇಲೆ ತೇಲುತ್ತದೆ. ಮೀನು ತಳದಲ್ಲಿ ಬಹುತೇಕ ಉಪವಾಸವಿದ್ದು ಚಳಿಗಾಲ ಕಳೆಯುತ್ತದೆ. ಎಲ್ಲ ಮೀನಿಗೂ ಒಂದೇ ಹದ ಒಗ್ಗುವುದಿಲ್ಲ. ನೀಲಗಿರಿಯ ತೊರೆಗಳಲ್ಲಿರುವ ಟ್ರೌಟ್‌ಗೆ ತಣ್ಣೀರೇ ಬೇಕು. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಬೆಚ್ಚಗಿನ ನೀರಿನಲ್ಲೇ ಚೆನ್ನಾಗಿ ಬೆಳೆಯುತ್ತವೆ.

ಹಾಗಾದರೆ ಬೇಸಿಗೆ ಮೀನಿಗೆ ಸುಖವೇ? ಅಲ್ಲೊಂದು ತೊಡಕಿದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ. ಚುರುಕಾದ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚು, ನೀರಿನಲ್ಲಿ ಸಿಗುವುದು ಕಡಿಮೆ. ಖರ್ಚು ಏರಿ ಜಮೆ ಇಳಿದರೆ ಖಾತೆ ಏನಾಗುತ್ತದೆಂದು ಬ್ಯಾಂಕಿನವನಿಗೆ ಹೇಳಿಕೊಡಬೇಕಿಲ್ಲ. ಕೆರೆಗೆ ಕೊಳಚೆ ಸೇರಿದರಂತೂ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಆಮ್ಲಜನಕಕ್ಕೆ ಪಾಲು ಕೇಳುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಕೊಳಚೆ ಸೇರಿ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ವರದಿಯಾಗಿತ್ತು.

ಉಳಿದ ಮೂರು ಮೀನುಗಳಿಗಾಗಿ ನಾನೊಂದು ನೀರಿನ ಥರ್ಮಾಮೀಟರ್ ತಂದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಡಿಗ್ರಿ, ಹಾಕಿದ ಊಟ ಬರೆಯತೊಡಗಿದೆ. ಚಳಿಯ ದಿನಗಳಲ್ಲಿ ಮಧ್ಯಾಹ್ನ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ. ನೀರನ್ನು ಪೂರ್ತಿ ಬದಲಿಸದೆ ಕಾಲು ಭಾಗ ಮಾತ್ರ ಬದಲಿಸುತ್ತಿದ್ದೆ. ಹೊಸ ನೀರನ್ನು ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದು ಅದೇ ಕೋಣೆಯಲ್ಲಿಡುತ್ತಿದ್ದೆ, ಎರಡರ ಬಿಸಿಯೂ ಒಂದೇ ಆಗಲೆಂದು. ಏಪ್ರಿಲ್‌ನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದಾಗ ಗಾಬರಿಯಾಗಲಿಲ್ಲ. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಸರಿಸಿ, ಗಾಳಿ ಹಾಯಿಸುವ ಪಂಪನ್ನು ಹಗಲೂ ರಾತ್ರಿ ಓಡಿಸಿದೆ.

ರಜೆಗೆ ಬಂದ ಮೊಮ್ಮಗಳು ಮೊದಲು ಮೀನುಗಳನ್ನು ಎಣಿಸಿದಳು. ಆಮೇಲೆ ನನ್ನ ನೋಟ್‌ಬುಕ್ ಓದಿದಳು. "ಊಟ ಜಾಸ್ತಿ ಹಾಕಿದ್ದಕ್ಕೆ ಹೀಗಾಯ್ತಮ್ಮ, ಮರೆತು ಅಲ್ಲ" ಎಂದೆ. "ನಂಗೂ ಗೊತ್ತಿರಲಿಲ್ಲ ತಾತ" ಎಂದಳು.

ಅವಳೂ ನಾನೂ ಆಮೇಲೆ ಮಾಡಿದ ಒಂದು ಕೆಲಸವನ್ನು ಮಕ್ಕಳೇ, ನೀವೂ ಮಾಡಿ ನೋಡಿ. ಮನೆಯಲ್ಲಿ ಮೀನಿದ್ದರೆ ಮುಂಜಾನೆ ಒಂದು ನಿಮಿಷ, ಬಿಸಿಲೇರಿದ ಮಧ್ಯಾಹ್ನ ಒಂದು ನಿಮಿಷ, ಅದರ ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚುತ್ತದೆಂದು ಎಣಿಸಿ. ಪಕ್ಕದಲ್ಲೇ ನೀರಿನ ಡಿಗ್ರಿ ಬರೆಯಿರಿ. ಮೀನಿಗೆ ಎಷ್ಟು ಊಟ ಬೇಕೆಂದು ಕೇಳಿದರೆ ಅದು ಹೇಳಲಾರದು. ಆದರೆ ಅದಿರುವ ನೀರು ಹೇಳುತ್ತದೆ.