ವಾರ್ಮ್ ಸೌಂಡ್ ಆಮೇಲೆ, ಮೊದಲು ನೋಯ್ಸ್ ನೋಡಿ

ದುಬಾರಿ ಟ್ಯೂಬ್ ಫೋನೋ ಪ್ರಿಆಂಪ್ ಅಂದ್ರೆ ಎಲ್ಲರ ಬಾಯಲ್ಲೂ ‘ವಾರ್ಮ್ ಸೌಂಡ್’. ಎರಡು ಮಾಡೆಲ್ ಹೋಲಿಸೋಕೆ ಆ ಪದ ಏನೂ ಸಾಲದು.

ರೆಕಾರ್ಡ್ ಮೇಲಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೋದು ಸುಮಾರು 5 ಮಿಲಿವೋಲ್ಟ್. ಮೂವಿಂಗ್ ಕಾಯಿಲ್ ಆದ್ರೆ ಹೆಚ್ಚಾಗಿ ಅದರ ಹತ್ತನೇ ಒಂದು ಭಾಗ. ಸಾಲದ್ದಕ್ಕೆ ಆರ್‌ಐಎಎ ಈಕ್ವಲೈಸೇಷನ್ 1 ಕಿಲೋಹರ್ಟ್ಸ್‌ಗಿಂತ 50 ಹರ್ಟ್ಸನ್ನು 17 ಡಿಬಿ ಮೇಲೆತ್ತುತ್ತೆ. ನಮ್ಮ ಕರೆಂಟಿನ ಹಮ್ ಇರೋದೂ ಅಲ್ಲೇ!

ಇಎಆರ್ 834ಪಿಯಲ್ಲಿ ಮೂರು 12ಎಎಕ್ಸ್7 ಟ್ಯೂಬ್‌ಗಳಿವೆ. ಮ್ಯಾನ್ಲಿ ಚಿನೂಕ್‌ನಲ್ಲಿ 6922. ಮೊದಲನೆಯದರ ಮ್ಯೂ 100, ಎರಡನೆಯದು 33. ಹಾಗಂತ 12ಎಎಕ್ಸ್7 ಗೆದ್ದಿತು ಅನ್ನಬೇಡಿ. ಟ್ರಯೋಡಿನ ನೋಯ್ಸನ್ನು ಒಂದು ರೆಸಿಸ್ಟರ್ ಅಂತ ಭಾವಿಸಿದರೆ ಅದರ ಬೆಲೆ ಸುಮಾರು 2.5/ಜಿಎಂ. 12ಎಎಕ್ಸ್7ಗೆ ಜಿಎಂ 1.6 ಮಿಲಿಆಂಪ್/ವೋಲ್ಟ್, ಅಂದರೆ ಸುಮಾರು 1500 ಓಮ್. 6922ಗೆ 12ರ ಆಸುಪಾಸು, ಅಂದರೆ 200 ಓಮ್. ಫ್ಲಿಕರ್ ನೋಯ್ಸ್ ಲೆಕ್ಕ ಬೇರೆ.

ಅದಕ್ಕೇ 834ಪಿಯ ಮೂವಿಂಗ್ ಕಾಯಿಲ್ ಆವೃತ್ತಿಯಲ್ಲಿ ಟ್ಯೂಬಿಗೂ ಮುಂಚೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದಾರೆ. 1:10 ಟ್ರಾನ್ಸ್‌ಫಾರ್ಮರ್ ಆದರೆ 20 ಡಿಬಿ ಸಿಗುತ್ತೆ, ಟ್ಯೂಬ್ ನೋಯ್ಸ್ ಇಲ್ಲದೇ. ಆದರೆ 47 ಕಿಲೋಓಮ್ ಲೋಡ್ ಕಾರ್ಟ್ರಿಜ್‌ಗೆ 470 ಓಮ್ ಆಗಿ ಕಾಣುತ್ತೆ. ನಿಮ್ಮ ಕಾರ್ಟ್ರಿಜ್‌ಗೆ ಅದು ಒಗ್ಗುತ್ತಾ ಅಂತ ದುಡ್ಡು ಕೊಡೋ ಮೊದಲೇ ನೋಡಿ.

ಅಂದಹಾಗೆ, ಎರಡಕ್ಕೂ ಒಂಬತ್ತೇ ಪಿನ್ ಅಂತ ಟ್ಯೂಬ್ ಅದಲುಬದಲು ಮಾಡಬೇಡಿ. ಹೀಟರ್ ವೈರಿಂಗ್ ಬೇರೆ.