ದೀಪಸ್ತಂಭದ ಮನೆಯ ಹುಡುಗ ಹತ್ತಿದ ಗುಡ್ಡ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಲ್ ಎಂಬ ದೊಡ್ಡ ದ್ವೀಪವಿದೆ. ಅದರ ನೈಋತ್ಯ ತುದಿಗೆ ತಾಗಿಕೊಂಡಂತಿರುವ ಪುಟ್ಟ ದ್ವೀಪ ಎರ್ರೇಡ್. ಈ ತುದಿಯಿಂದ ಆ ತುದಿಗೆ ಹೆಚ್ಚೆಂದರೆ ಒಂದು ಮೈಲಿ. ಅದರ ಅತಿ ಎತ್ತರದ ಗುಡ್ಡ ಕ್ನಾಕ್ ಮೋರ್, ಬರೀ 75 ಮೀಟರ್. ಮಲೆನಾಡಿನವರು ಇದನ್ನು ಗುಡ್ಡವೆಂದೇ ಒಪ್ಪಲಿಕ್ಕಿಲ್ಲ. ಆದರೂ ಈ ಗುಡ್ಡ ಹತ್ತುವುದಕ್ಕೆಂದೇ ದೂರದೂರದಿಂದ ಜನ ಬರುತ್ತಾರೆ. ಓಬನ್ ಊರಿನಿಂದ ಹಡಗು ಹತ್ತಿ ಮಲ್‌ನ ಕ್ರೇಗ್‌ನ್ಯೂರ್‌ನಲ್ಲಿ ಇಳಿಯಬೇಕು. ಅಲ್ಲಿಂದ ಒಂದೇ ವಾಹನ ಹಿಡಿಸುವ ಇಕ್ಕಟ್ಟಿನ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಬೇಕು. ರಸ್ತೆ ನಾಕ್‌ವೊಲೋಗನ್ ಎಂಬ ಕೃಷಿಕರ ನೆಲೆಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ದಾರಿ ಕೊಡುವುದೂ ಕೊಡದಿರುವುದೂ ಕಡಲಿಗೆ ಬಿಟ್ಟದ್ದು.

ದಿನಕ್ಕೆ ಎರಡು ಸಲ ನಡುವಿನ ನೀರು ಇಳಿದು ಮರಳು ಬಯಲಾಗುತ್ತದೆ. ಇದರ ಲೆಕ್ಕ ಚಂದ್ರನದು. ಇಂದು ಹತ್ತು ಗಂಟೆಗೆ ಬಯಲಾದ ಮರಳು ನಾಳೆ ಬಯಲಾಗುವುದು ಹೆಚ್ಚುಕಡಿಮೆ ಹತ್ತು ಐವತ್ತಕ್ಕೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಮೂರು ಮೀಟರಿಗಿಂತ ಹೆಚ್ಚು ಅಂತರವಿರುತ್ತದೆ. ಆಗ ಚಪ್ಪಲಿ ಒದ್ದೆಯಾಗದೆ ದಾಟಬಹುದು. ಅಷ್ಟಮಿಯ ಹೊತ್ತಿನಲ್ಲಿ ಕಡಲು ಅಷ್ಟು ಉದಾರಿಯಲ್ಲ. ಪ್ಯಾಂಟು ಮಡಚಿಕೊಂಡು ನೀರಿಗಿಳಿಯಬೇಕು, ಇಲ್ಲವೇ ಹಿಂದಿರುಗಬೇಕು. ಆಗತಾನೆ ನೀರು ಬಿಟ್ಟುಹೋದ ಮರಳು ಅಂಗಾಲಿಗೆ ಗಟ್ಟಿಯಾಗಿ, ಏಣುಏಣಾಗಿ ಸಿಗುತ್ತದೆ. ಮರಳಹುಳುಗಳು ಒಳಗಿನಿಂದ ಹೊರದಬ್ಬಿದ ಮಣ್ಣು ಶ್ಯಾವಿಗೆ ಒರಳಿನಿಂದ ಇಳಿದ ಎಳೆಗಳಂತೆ ಎಲ್ಲೆಲ್ಲೂ ಸುರುಳಿ ಸುತ್ತಿ ಬಿದ್ದಿರುತ್ತದೆ. ಎರಡೂ ಬದಿಗೆ ನಸುಗೆಂಪು ಗ್ರಾನೈಟ್ ಬಂಡೆಗಳು.

ಈ ಕೆಂಪು ಕಲ್ಲೇ ಎರ್ರೇಡ್‌ನ ಹಣೆಬರಹ ಬದಲಿಸಿತು. ದ್ವೀಪದ ನೈಋತ್ಯಕ್ಕೆ ಟಾರನ್ ಬಂಡೆಗಳೆಂಬ ಒಂದು ದಂಡೇ ಇದೆ. ಕೆಲವು ನೀರಿನ ಮೇಲೆ ತಲೆಯೆತ್ತಿವೆ, ಹಲವು ನೀರಿನಡಿ ಹೊಂಚುಹಾಕಿ ಕೂತಿವೆ. ಅದಕ್ಕೂ ಆಚೆ, ಎರ್ರೇಡ್‌ನಿಂದ ಸುಮಾರು 24 ಕಿಲೋಮೀಟರ್ ದೂರದ ತೆರೆದ ಕಡಲಲ್ಲಿ, ಡೂ ಆರ್ತಾಖ್ ಎಂಬ ಒಂಟಿ ಕರಿಬಂಡೆ. ಅಟ್ಲಾಂಟಿಕ್ ಕಡೆಯಿಂದ ಬರುವ ಹಡಗುಗಳಿಗೆ ಇದು ಸಾವಿನ ದಾರಿಯಾಗಿತ್ತು. 1865ರ ಡಿಸೆಂಬರ್ ಕೊನೆಯ ಬಿರುಗಾಳಿಗೆ ಈ ಭಾಗದಲ್ಲಿ ಹಡಗುಗಳು ಒಂದರ ಹಿಂದೊಂದು ಮುಳುಗಿದವು. ಆಮೇಲೆ ಮೀನಮೇಷ ಎಣಿಸುವುದು ನಿಂತಿತು. 1867ರಲ್ಲಿ ಬಂಡೆಯ ಮೇಲೆ ದೀಪಸ್ತಂಭದ ಕೆಲಸ ಶುರುವಾಯಿತು. ಎಂಜಿನಿಯರುಗಳು ಡೇವಿಡ್ ಮತ್ತು ಥಾಮಸ್ ಸ್ಟೀವನ್‌ಸನ್ ಎಂಬ ಅಣ್ಣತಮ್ಮಂದಿರು. ಸ್ಕಾಟ್ಲೆಂಡಿನ ದೀಪಸ್ತಂಭಗಳು ತಲೆಮಾರುಗಳಿಂದ ಅವರ ಮನೆತನದ ಕೈಕೆಲಸ.

ಕೆಲಸಕ್ಕೆ ನೆಲೆಯಾಗಿ ಆರಿಸಿಕೊಂಡದ್ದು ಎರ್ರೇಡ್ ದ್ವೀಪವನ್ನು. ಇಲ್ಲೇ ಗಣಿ ತೋಡಿದರು. ಕಲ್ಲನ್ನು ಒಂದರ ಏಣು ಇನ್ನೊಂದರ ಕಚ್ಚಿನಲ್ಲಿ ಕೂರುವಂತೆ ಕೆತ್ತಿ, ವರಸೆ ವರಸೆಯಾಗಿ ಮೊದಲು ಇಲ್ಲಿಯೇ ಜೋಡಿಸಿ ನೋಡುತ್ತಿದ್ದರು. ಸರಿಬಂದರೆ ಬಿಚ್ಚಿ ಹಡಗಿಗೆ ಏರಿಸುತ್ತಿದ್ದರು. ಬಂಡೆಯ ಮೇಲಿನ ಕೆಲಸವಾದರೋ ಬೇಸಿಗೆಯ ಕೆಲವು ದಿನಗಳಲ್ಲಿ ಮಾತ್ರ ಸಾಧ್ಯ. 1868ರ ಆಗಸ್ಟಿನಲ್ಲಿ ಬಂಡೆಯ ಮೇಲೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ್ದ ಗೂಡಿನಂಥ ಕೋಣೆಯೊಳಗೆ ಹದಿನಾಲ್ಕು ಮಂದಿ ಐದು ದಿನ ಸಿಕ್ಕಿಬಿದ್ದರು. ಅಲೆಗಳು ಕೋಣೆಯ ಮೇಲೇ ಹಾಯುತ್ತಿದ್ದವು. ಮರುವರ್ಷದ ಬೇಸಿಗೆಯ ಬಿರುಗಾಳಿ, ಗಾರೆ ಹಾಕಿ ಕೂರಿಸಿದ್ದ ತಲಾ 2 ಟನ್ ತೂಕದ ಕಲ್ಲುಗಳನ್ನೇ ಕಿತ್ತುಕೊಂಡು ಹೋಯಿತು. ಗೋಪುರದ ಬುಡದ ಗಟ್ಟಿ ಭಾಗವನ್ನು ಮೊದಲಿನ ನಕ್ಷೆಗಿಂತ ಎತ್ತರಕ್ಕೆ ಒಯ್ಯಬೇಕಾಯಿತು. ಕೊನೆಗೂ ದೀಪ ಹತ್ತಿದ್ದು 1872ರ ನವೆಂಬರ್ 1ರಂದು.

1870ರ ಬೇಸಿಗೆಯಲ್ಲಿ, ಈ ಗದ್ದಲದ ನಡುವೆ, ಥಾಮಸ್ ತನ್ನ ಒಬ್ಬನೇ ಮಗನನ್ನು ಕೆಲಸ ಕಲಿಯಲೆಂದು ಎರ್ರೇಡ್‌ಗೆ ಕಳಿಸಿದ. ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹೆಸರು ರಾಬರ್ಟ್ ಲೂಯಿ ಸ್ಟೀವನ್‌ಸನ್. ಸುಮಾರು ಮೂರು ವಾರ ಇಲ್ಲಿದ್ದ. ಗಣಿಯ ಸದ್ದು, ಕಮ್ಮಾರರ ಬೆಂಕಿ, ಭಾನುವಾರದ ನಿಶ್ಶಬ್ದ, ಬಂಡೆಗೆ ಹೋಗುವ ಹಡಗಿನ ಓಲಾಟ ಎಲ್ಲವನ್ನೂ ಕಣ್ಣು ತುಂಬಿಕೊಂಡ. ಬಿರುಗಾಳಿಯಲ್ಲಿ ಕಬ್ಬಿಣದ ಕೋಣೆಯೊಳಗೆ ಪಿಟೀಲು ಬಾರಿಸುತ್ತಿದ್ದ ಗುಡ್‌ವಿಲ್ಲಿ ಎಂಬ ಮೇಸ್ತ್ರಿಯನ್ನು ಎಷ್ಟೋ ವರ್ಷಗಳ ನಂತರ ಪ್ರಬಂಧವೊಂದರಲ್ಲಿ ನೆನೆದ. ಆದರೆ ಕಲ್ಲಿನ ಲೆಕ್ಕ ಅವನ ತಲೆಗೆ ಹಿಡಿಯಲಿಲ್ಲ. 1871ರ ವಸಂತದಲ್ಲಿ, ಮಿನುಗುವ ದೀಪದ ಬಗ್ಗೆ ಬರೆದ ತಾಂತ್ರಿಕ ಪ್ರಬಂಧಕ್ಕೆ ಮೆಚ್ಚುಗೆ ಬಂದ ಬೆನ್ನಲ್ಲೇ, ಎಂಜಿನಿಯರಿಂಗ್ ಬಿಡುತ್ತೇನೆ, ಬರಹಗಾರನಾಗುತ್ತೇನೆ ಎಂದು ತಂದೆಗೆ ಹೇಳಿಬಿಟ್ಟ. ತಂದೆಗೆ ಇದು ನುಂಗಲಾರದ ತುತ್ತು. ಕಡೆಗೆ ವಕೀಲಿಕೆ ಓದಲಿ ಎಂಬಲ್ಲಿಗೆ ಮಾತು ಮುಗಿಯಿತು.

ಮನೆತನದ ಕಸುಬನ್ನು ಮಗ ಬಿಟ್ಟ, ಅಲ್ಲಿಗೆ ಆ ಕಥೆ ಮುಗಿಯಿತು ಎನ್ನುವುದು ರೂಢಿ. ನನಗೆ ಹಾಗೆ ಅನ್ನಿಸುವುದಿಲ್ಲ. 1886ರಲ್ಲಿ ಬಂದ ಅವನ ‘ಕಿಡ್ನ್ಯಾಪ್ಡ್’ ಕಾದಂಬರಿಯನ್ನು ಎರ್ರೇಡ್‌ನ ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯೇ ಒಂದು ವಿಷಯ ಹೊಳೆಯುತ್ತದೆ.

ಕಥೆ ನಡೆಯುವುದು 1751ರಲ್ಲಿ. ಮೋಸದಿಂದ ಹಡಗಿಗೆ ಹತ್ತಿಸಲ್ಪಟ್ಟ ಡೇವಿಡ್ ಬಾಲ್ಫೋರ್ ಎಂಬ ಹುಡುಗ ಟಾರನ್ ಬಂಡೆಗಳ ನಡುವೆ ಹಡಗು ಒಡೆದು ನೀರಿಗೆ ಬೀಳುತ್ತಾನೆ, ಮರದ ತುಂಡೊಂದನ್ನು ಹಿಡಿದು ಎರ್ರೇಡ್‌ನ ದಡ ಸೇರುತ್ತಾನೆ. ಕಲ್ಲಿಗಂಟಿದ ಚಿಪ್ಪಿನ ಮಾಂಸವನ್ನು ಹಸಿಯಾಗಿ ತಿಂದು ವಾಂತಿ ಮಾಡಿಕೊಳ್ಳುತ್ತಾನೆ. ಮಳೆಯಲ್ಲಿ ನೆನೆಯುತ್ತಾನೆ. ಗುಡ್ಡ ಹತ್ತಿ ನೋಡಿದರೆ ಅಯೋನಾ ದ್ವೀಪದ ಹಳೆಯ ಚರ್ಚು, ಮನೆಗಳ ಮಾಡು, ಒಲೆಯ ಹೊಗೆ ಎಲ್ಲ ಕಾಣುತ್ತದೆ. ಹೋಗಲು ದಾರಿಯಿಲ್ಲ. ನಾಲ್ಕನೆಯ ದಿನ ದೋಣಿಯಲ್ಲಿ ಬಂದ ಬೆಸ್ತರು ನಗುತ್ತ ಏನನ್ನೋ ಕೂಗುತ್ತಾರೆ. ಅವರ ಗೇಲಿಕ್ ಮಾತಿನ ನಡುವೆ ‘ಇಳಿತ’ ಎಂಬುದೊಂದು ಕಿವಿಗೆ ಬಿದ್ದಾಗ ಹುಡುಗನಿಗೆ ತಲೆಯಲ್ಲಿ ಮಿಂಚು ಹೊಡೆಯುತ್ತದೆ. ಓಡಿಹೋಗಿ ನೋಡಿದರೆ ನಡುವೆ ಮೊಣಕಾಲು ಮುಳುಗದಷ್ಟು ನೀರು. ಕಡಲಂಚಿನ ಮಗುವಾಗಿದ್ದರೆ ಇಲ್ಲಿ ಒಂದು ದಿನವೂ ಸಿಕ್ಕಿಬೀಳುತ್ತಿರಲಿಲ್ಲ ಎಂದು ಆಮೇಲೆ ಅವನೇ ಒಪ್ಪಿಕೊಳ್ಳುತ್ತಾನೆ.

ಆ ನಾಲ್ಕು ದಿನಗಳ ಸಂಕಟವನ್ನು ಇಷ್ಟು ಖಚಿತವಾಗಿ ಬರೆಯಲು ಆ ಮರಳು ಯಾವಾಗ ಬಯಲಾಗುತ್ತದೆ, ಯಾವಾಗ ಇಲ್ಲ ಎಂಬುದನ್ನು ಬಲ್ಲವನಿಗೇ ಸಾಧ್ಯ. ಕಲ್ಲು ತುಂಬಿದ ಹಡಗು ಯಾವ ಗಳಿಗೆಯಲ್ಲಿ ಹೊರಡಬೇಕೆಂದು ಉಬ್ಬರವಿಳಿತ ನೋಡಿ ತೀರ್ಮಾನಿಸುವವರ ನಡುವೆ ಇದ್ದವನು ಸ್ಟೀವನ್‌ಸನ್. ಇನ್ನೂ ಮುಖ್ಯವಾದ ಸಂಗತಿಯೆಂದರೆ ಡೇವಿಡ್‌ನ ಹಡಗು ಒಡೆಯುವ ಜಾಗ. ಸ್ಟೀವನ್‌ಸನ್‌ನ ತಂದೆ, ದೊಡ್ಡಪ್ಪ ಸೇರಿ ದೀಪಸ್ತಂಭ ಕಟ್ಟಿದ್ದು ಇದೇ ಬಂಡೆಗಳಿಂದ ಹಡಗುಗಳನ್ನು ಕಾಯಲಿಕ್ಕೆ. ಕಥೆಯ ಕಾಲಕ್ಕೂ ಆ ದೀಪ ಹತ್ತಿದ್ದಕ್ಕೂ ನಡುವೆ 121 ವರ್ಷ. ಆ ದೀಪ ಇನ್ನೂ ಇಲ್ಲದಿದ್ದ ಕತ್ತಲೆಯಲ್ಲಿ ತನ್ನ ನಾಯಕನನ್ನು ನೀರಿಗೆ ಬೀಳಿಸಿ, ಅಪ್ಪನ ಕೆಲಸ ಯಾಕೆ ಬೇಕಿತ್ತು ಎಂಬುದನ್ನು ಮಗ ಲೋಕಕ್ಕೆ ತೋರಿಸಿದ. ಕಾದಂಬರಿ ಬರೆದದ್ದು ಇಂಗ್ಲೆಂಡಿನ ಬೋರ್ನ್‌ಮತ್ ಊರಿನಲ್ಲಿ, ತಂದೆಯೇ ಸೊಸೆಗೆ ಕೊಡಿಸಿದ ಮನೆಯಲ್ಲಿ. ಆ ಮನೆಗೆ ಸ್ಟೀವನ್‌ಸನ್ ಇಟ್ಟ ಹೆಸರು ಸ್ಕೆರಿವೋರ್. ಅವನ ಇನ್ನೊಬ್ಬ ದೊಡ್ಡಪ್ಪ ಅಲನ್ 1844ರಲ್ಲಿ ಮುಗಿಸಿದ ದೀಪಸ್ತಂಭದ ಹೆಸರದು. ಕಾದಂಬರಿ ಬಂದ ಮರುವರ್ಷ ಥಾಮಸ್ ತೀರಿಕೊಂಡ.

ಗಣಿಯ ಸದ್ದು ಅಡಗಿದ ಮೇಲೂ ದೀಪ ಕಾಯುವವರ ಕುಟುಂಬಗಳು ಎರ್ರೇಡ್‌ನ ಸಾಲುಮನೆಗಳಲ್ಲಿ ಬಾಳಿದವು. 1892ರಿಂದ ಸ್ಕೆರಿವೋರ್‌ನವರ ಸಂಸಾರಗಳೂ ಇಲ್ಲಿಗೆ ಬಂದವು. ಮನೆಗಳ ಮೇಲ್ಗಡೆಯ ದಿಣ್ಣೆಯಲ್ಲಿ ಬಿಳಿ ಬಣ್ಣ ಬಳಿದ ದುಂಡನೆಯ ಕಬ್ಬಿಣದ ವೀಕ್ಷಣಾ ಗೂಡು ಈಗಲೂ ಇದೆ. ಅಲ್ಲಿಂದ ದೂರದರ್ಶಕ ಹಿಡಿದು ಬಂಡೆಯ ಮೇಲಿನವರ ಸನ್ನೆ ನೋಡುತ್ತಿದ್ದರು. ಎರಡೂ ಗೋಪುರ ಒಂದೇ ಥರ ಕಾಣುತ್ತವೆಂದು 1890ರಲ್ಲಿ ಡೂ ಆರ್ತಾಖ್‌ನ ನಡುಭಾಗಕ್ಕೆ ಅಗಲವಾದ ಕೆಂಪು ಪಟ್ಟಿ ಬಳಿದರು. 1952ರಲ್ಲಿ ಈ ನೆಲೆ ಓಬನ್‌ಗೆ ಹೋಯಿತು, 1971ರಲ್ಲಿ ಡೂ ಆರ್ತಾಖ್ ದೀಪವೂ ತಾನೇ ಉರಿಯತೊಡಗಿತು. 1970ರ ದಶಕದ ಕೊನೆಯಿಂದ ಸಣ್ಣದೊಂದು ಸಮುದಾಯ ಆ ಸಾಲುಮನೆಗಳಲ್ಲಿ ತರಕಾರಿ ಬೆಳೆದುಕೊಂಡು ಬಾಳುತ್ತಿದೆ.

ಕಾದಂಬರಿ ಓದಿ ಬರುವವರು ಡೇವಿಡ್ ದಡ ಸೇರಿದ ಬಿಳಿ ಮರಳಿನ ಕೊಲ್ಲಿ ನೋಡಿ ತೃಪ್ತರಾಗುತ್ತಾರೆ. ಕೊಲ್ಲಿ ಚೆಂದವಿದೆ, ನಿಜ. ಆದರೆ ಅದಕ್ಕೂ ಮೊದಲು ಗಣಿಗೆ ಹೋಗಬೇಕು, ಆಮೇಲೆ ಗುಡ್ಡಕ್ಕೆ. ಗಣಿಯ ಕಡಿದ ಗೋಡೆಯನ್ನು ಕೈಯಿಂದ ಮುಟ್ಟಿದವನಿಗೆ ಮಾತ್ರ, ತುದಿಯಲ್ಲಿ ನಿಂತಾಗ ದಿಗಂತದಲ್ಲಿ ಸೂಜಿಯಷ್ಟಾಗಿ ಕಾಣುವ ಗೋಪುರ ಇಲ್ಲಿಂದಲೇ ಎದ್ದುಹೋದದ್ದು ಎಂಬುದು ಮನಸ್ಸಿಗೆ ನಾಟುತ್ತದೆ. ಇದಕ್ಕೆ ಆಕಾಶ ತಿಳಿಯಾದ ದಿನ ಬೇಕು, ಕೈಯಲ್ಲಿ ಆ ದಿನದ ಉಬ್ಬರವಿಳಿತದ ಪಟ್ಟಿ ಇರಬೇಕು. ನೀರು ಇಳಿಯುತ್ತಿರುವಾಗಲೇ ಮರಳಿಗೆ ಕಾಲಿಟ್ಟರೆ ಎರಡನ್ನೂ ನೋಡಲು ಹೊತ್ತು ಸಿಗುತ್ತದೆ.