ಥ್ರೆಡ್ ಹೋದ ಸೈಕಲ್ಲು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಲಿನ ಹಳ್ಳಿಗಳಿಂದ ಸೈಕಲ್ ಹೊಡೆದುಕೊಂಡು ಶಾಲೆ ಕಾಲೇಜಿಗೆ ಬರುವವರು ನೀವಾಗಿದ್ದರೆ, ಒಂದಲ್ಲ ಒಂದು ದಿನ ಸೈಕಲ್ ಅಂಗಡಿಯಲ್ಲಿ ಈ ಮಾತು ಕೇಳಿರುತ್ತೀರಿ: "ಥ್ರೆಡ್ ಹೋಗೈತಿ ತಮ್ಮಾ, ಇನ್ನ ಕೂಡೂದಿಲ್ಲ." 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲಂತೂ ಈ ಮಾತು ಕೇಳಿದವರ ಸಂಖ್ಯೆ ಹೆಚ್ಚಾಗಿರಬೇಕು. ಹೋಗುವುದು ಎಂದರೇನು? ಹೋದದ್ದನ್ನು ಮರಳಿ ತರಬಹುದೇ?

ಮೊದಲು ಒಂದು ಸಣ್ಣ ಪ್ರಯೋಗ. ಕಾಗದವನ್ನು ಲಂಬಕೋನ ತ್ರಿಭುಜವಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿರಿ. ಅದರ ಓರೆ ಅಂಚು ಸುರುಳಿಯಾಗಿ ಮೇಲೇರುತ್ತದೆ. ಬೋಲ್ಟಿನ ಥ್ರೆಡ್ ಎಂದರೆ ಇಷ್ಟೇ: ಕಂಬಿಗೆ ಸುತ್ತಿದ ಇಳಿಜಾರು. ನಟ್ಟು ಆ ಇಳಿಜಾರಿನ ಮೇಲೆ ಹತ್ತುತ್ತದೆ. ಬಿಗಿಯಾದ ನಟ್ಟಿನ ಎಲ್ಲ ಸುತ್ತುಗಳೂ ಭಾರವನ್ನು ಸಮನಾಗಿ ಹೊರುವುದಿಲ್ಲ. ಮೊದಲನೆಯ ಸುತ್ತೊಂದೇ ಸುಮಾರು ಮೂರನೆಯ ಒಂದು ಭಾಗವನ್ನು ಹೊರುತ್ತದೆ. ಅದು ಹರಿದರೆ ಭಾರ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸರಿಯುತ್ತದೆ. ಹಾಗಾಗಿ ನಿನ್ನೆ ಚೆನ್ನಾಗಿದ್ದ ನಟ್ಟು ಇಂದು ಪಾನಾ ಹಾಕಿದರೆ ಸುಮ್ಮನೆ ಗರಗರ ತಿರುಗುತ್ತದೆ.

ಈ ಸೀಮೆಯ ಮಣ್ಣಿಗೂ ಇದರಲ್ಲಿ ಪಾಲಿದೆ. ಬೈಲಹೊಂಗಲದ ಕಡೆಯ ಎರೆ ಮಣ್ಣು ಮಳೆಯಲ್ಲಿ ಅಂಟಾಗಿ ಮೆತ್ತಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ನಟ್ಟು ಕಚ್ಚಿಕೊಳ್ಳುತ್ತದೆ. ಸವದತ್ತಿ, ರಾಮದುರ್ಗದ ಕಡೆ ಮರಳುಗಲ್ಲಿನ ಗುಡ್ಡಗಳಿವೆ. ನವಿಲುತೀರ್ಥದಲ್ಲಿ ಮಲಪ್ರಭೆ ಕೊರೆದುಕೊಂಡು ಬಂದದ್ದು ಇದೇ ಕಲ್ಲನ್ನು. ಆ ಕಲ್ಲಿನ ಕಣಗಳು ಸ್ಫಟಿಕ ಶಿಲೆಯವು, ಸಾಧಾರಣ ಉಕ್ಕಿಗಿಂತ ಗಡಸು. ಎಣ್ಣೆ ಹಚ್ಚಿದ ಥ್ರೆಡ್ಡಿನೊಳಗೆ ಇಂಥ ಧೂಳು ಸೇರಿತೆಂದರೆ ಉಜ್ಜುಕಾಗದವನ್ನೇ ಇಟ್ಟಂತೆ. ಬಿಚ್ಚಿದ ಭಾಗವನ್ನು ಬಟ್ಟೆಯಿಂದ ಒರೆಸಿ, ಹೊಸದಾಗಿ ಗ್ರೀಸ್ ಹಚ್ಚಿಯೇ ಕೂಡಿಸಬೇಕು.

ಆದರೆ ಮಣ್ಣಿಗಿಂತ ಹೆಚ್ಚು ಥ್ರೆಡ್ಡುಗಳನ್ನು ಕೆಡಿಸಿರುವುದು ನಮ್ಮ ಕೈಗಳೇ ಎಂದು ನನ್ನ ಅನುಮಾನ. ಪಿಯುಸಿ ಓದುವಾಗ ನಾನೂ ಒಂದು ಕೆಡಿಸಿದೆ. ಎಡ ಪೆಡಲು ಕಳಚಿತ್ತು. 'ಬಲಕ್ಕೆ ತಿರುಗಿಸಿದರೆ ಬಿಗಿ' ಎಂಬ ಪಾಠ ಗೊತ್ತಿತ್ತಲ್ಲ, ಪಾನಾ ಹಾಕಿ ಬಲಕ್ಕೇ ಒತ್ತಿ ತಿರುಗಿಸಿದೆ. ಹೇಗೋ ಕಚ್ಚಿಕೊಂಡು ಕುಳಿತಿತು. ಮರುದಿನ ರಸಾಯನ ಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಬೈಲಹೊಂಗಲದ ದಾರಿಯಲ್ಲಿ ಏರು ಹತ್ತುವಾಗ ಪೆಡಲು ಕಾಲಡಿಯಿಂದ ಕಿತ್ತುಹೋಗಿ, ನಾನು ಹ್ಯಾಂಡಲ್ ಮೇಲೆ ಬಿದ್ದೆ. ಸೈಕಲ್ ತಳ್ಳಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ನಮ್ಮ ಬ್ಯಾಚ್ ಮುಗಿದಿತ್ತು. ಎದುರಿನಿಂದ ಲಾರಿ ಬರುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಎಡ ಪೆಡಲಿನ ಥ್ರೆಡ್ ಉಲ್ಟಾ. ಅದು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಏಕೆ? ಬೆರಳುಗಳನ್ನು ಸಡಿಲ ಉಂಗುರದಂತೆ ಮಾಡಿ ಅದರೊಳಗೆ ಪೆನ್ಸಿಲ್ ನಿಲ್ಲಿಸಿರಿ. ಪೆನ್ಸಿಲ್ಲನ್ನು ಉಂಗುರದ ಒಳಮೈಗೆ ಒತ್ತುತ್ತ, ಅದರ ತುದಿಯನ್ನು ವೃತ್ತಾಕಾರವಾಗಿ ಸುತ್ತಿಸಿರಿ. ತುದಿ ಯಾವ ಕಡೆಗೆ ಸುತ್ತುತ್ತದೋ ಅದಕ್ಕೆ ವಿರುದ್ಧವಾಗಿ ಪೆನ್ಸಿಲ್ ತನ್ನ ಸುತ್ತ ತಾನು ತಿರುಗುತ್ತದೆ. ಪೆಡಲಿನಲ್ಲಿ ನಡೆಯುವುದೂ ಇದೇ. ನಿಮ್ಮ ಕಾಲಿನ ಭಾರ ಕೆಳಮುಖವಾಗಿಯೇ ಇದ್ದರೂ ಕ್ರ್ಯಾಂಕ್ ತಿರುಗುವುದರಿಂದ, ಕ್ರ್ಯಾಂಕಿನ ದೃಷ್ಟಿಯಲ್ಲಿ ಆ ಭಾರವೇ ರಂಧ್ರದ ಸುತ್ತ ಸುತ್ತುತ್ತದೆ. ಅದರಿಂದ ಪೆಡಲಿನ ಎಕ್ಸಲ್ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಉರುಳುತ್ತದೆ. ಎರಡೂ ಕಡೆ ಬಲಗೈ ಥ್ರೆಡ್ಡೇ ಇದ್ದಿದ್ದರೆ ಎಡ ಪೆಡಲು ತಾನಾಗಿ ಕಳಚಿಬರುತ್ತಿತ್ತು. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1900ರ ಹೊತ್ತಿಗೆ ತಮ್ಮ ಸೈಕಲ್ಲುಗಳಿಗೆ ಇಂಥ ಎಡಗೈ ಥ್ರೆಡ್ಡಿನ ಪೆಡಲು ಹಾಕುತ್ತಿದ್ದರು. ನೆನಪಿಗೆ ಒಂದೇ ಸೂತ್ರ ಸಾಕು: ಪಾನಾವನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಎರಡೂ ಪೆಡಲು ಬಿಗಿ, ಹಿಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಸಡಿಲ. ಮೊದಲ ಎರಡು ಮೂರು ಸುತ್ತು ಬರಿಗೈಯಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿ ಕೂತಿದೆ ಎಂದರ್ಥ, ಪಾನಾ ಮುಟ್ಟಬೇಡಿ.

ಕೆಟ್ಟದ್ದಕ್ಕೆ ಮದ್ದೇನು? ಪೆಡಲಿನ ಅಳತೆ ಇಂಚಿನ ಹದಿನಾರನೆಯ 9 ಭಾಗ, ಇಂಚಿಗೆ 20 ಸುತ್ತು. ಬಾಯಿಯ ಹತ್ತಿರದ ಒಂದೆರಡು ಸುತ್ತು ಮಾತ್ರ ಕೆಟ್ಟಿದ್ದರೆ ಇದೇ ಅಳತೆಯ ಟ್ಯಾಪನ್ನು ಕ್ರ್ಯಾಂಕಿನ ಒಳಬದಿಯಿಂದ ಹಾಕಿಸಿರಿ. ಒಳಗಿನ ಒಳ್ಳೆಯ ಸುತ್ತುಗಳನ್ನು ಹಿಡಿದುಕೊಂಡೇ ಅದು ಹೊರಬರುವುದರಿಂದ ಕೆಟ್ಟ ಸುತ್ತು ನೇರವಾಗುತ್ತದೆ. ಎಡಕ್ಕೆ ಎಡಗೈ ಟ್ಯಾಪೇ ಬೇಕು. ಟ್ಯಾಪಿಲ್ಲದ ಕಡೆ ಹಳೆಯ ಪೆಡಲಿನ ಎಕ್ಸಲ್ಲಿಗೆ ಗರಗಸದಿಂದ ಉದ್ದುದ್ದ ಸೀಳು ಹಾಕಿ ಅದನ್ನೇ ಟ್ಯಾಪಿನಂತೆ ಬಳಸಬಹುದು. ನನಗೆ ಬಹಳ ಇಷ್ಟವಾದ ಉಪಾಯವಿದು. ಸುತ್ತುಗಳೆಲ್ಲ ಹರಿದಿದ್ದರೆ ರಂಧ್ರ ದೊಡ್ಡದು ಮಾಡಿ ಥ್ರೆಡ್ಡಿನ ಬುಶ್ ಕೂಡಿಸಬಹುದು, ಆದರೆ ಅದು ಲೇತ್ ಬಲ್ಲವರ ಕೆಲಸ. ಸಾಧಾರಣ ಕಪ್ಪು ಸೈಕಲ್ಲಿಗೆ ಎಡ ಕ್ರ್ಯಾಂಕನ್ನೇ ಬದಲಿಸುವುದು ಮೇಲು. ವೆಲ್ಡಿಂಗ್ ಮಾಡಿಸಬೇಡಿ.

ಕಾಟರ್ ಪಿನ್ನಿನ ಥ್ರೆಡ್ ಹೋಗುವುದಕ್ಕೆ ಕಾರಣ ಬೇರೆ. ಕ್ರ್ಯಾಂಕನ್ನು ಹಿಡಿಯುವುದು ಪಿನ್ನಿನ ಓರೆ ಮುಖವೇ ಹೊರತು ಅದರ ಪುಟ್ಟ ನಟ್ಟಲ್ಲ. ಕೆಳಗೆ ಗಟ್ಟಿ ಆಧಾರ ಕೊಟ್ಟು, ಸುತ್ತಿಗೆಯಿಂದ ಪಿನ್ನನ್ನು ಒಳಗೆ ಕೂಡಿಸಿದ ಮೇಲೆ ನಟ್ಟು ಹಾಕಬೇಕು. ನಟ್ಟಿನಿಂದಲೇ ಎಳೆಯಹೊರಟರೆ ಥ್ರೆಡ್ ಉದುರುತ್ತದೆ. ಹೋದ ಪಿನ್ನನ್ನು ದುರಸ್ತಿ ಮಾಡುವುದಿಲ್ಲ, ಹೊಸದು ಹಾಕುತ್ತಾರೆ.

ಇನ್ನು ಗಾಲಿಯ ನಟ್ಟು. ಹಳೆಯ ಮಾದರಿಯ ಸೈಕಲ್ಲಿನ ಹಿಂದಿನ ಎಕ್ಸಲ್ಲು ಇಂಚಿನ ಎಂಟನೆಯ 3 ಭಾಗ, ಎಂದರೆ 9.5 ಮಿಲಿಮೀಟರಿಗೆ ತುಸು ಹೆಚ್ಚು. ಇಂಚಿಗೆ 26 ಸುತ್ತು. ಇದು ಇಂಗ್ಲೆಂಡಿನ ಸೈಕಲ್ ಎಂಜಿನಿಯರುಗಳು 1902ರಲ್ಲಿ ಗೊತ್ತುಮಾಡಿದ ಕ್ರಮ. ಹೊಸ ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ 10 ಮಿಲಿಮೀಟರ್ ಎಕ್ಸಲ್, ಸುತ್ತಿಗೊಂದು ಮಿಲಿಮೀಟರ್ ಅಂತರ. 25.4ನ್ನು 26ರಿಂದ ಭಾಗಿಸಿ ನೋಡಿ: 0.977. ಅಂತರ ಬಹುತೇಕ ಒಂದೇ! ಅದಕ್ಕೇ ಹೊಸ ನಟ್ಟು ಹಳೆಯ ಎಕ್ಸಲ್ಲಿನ ಮೇಲೆ ಸಲೀಸಾಗಿ ಏರಿ, ಕೂಡಿತು ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ ಸುತ್ತುಗಳು ಅರ್ಧದಷ್ಟೇ ಕಚ್ಚಿಕೊಂಡಿರುತ್ತವೆ. ಜೋರಾಗಿ ಬಿಗಿದರೆ ಜಾರುತ್ತದೆ, ಇಲ್ಲವೇ ಡಬಲ್ ಸೀಟ್ ಹೋಗುವಾಗ ಗಾಲಿ ಓರೆಯಾಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ನಟ್ಟನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಸಾಧ್ಯವಾದರೆ ಎಕ್ಸಲ್ಲನ್ನೇ ಒಯ್ಯಿರಿ.

ಕಚ್ಚಿಕೊಂಡ ನಟ್ಟಿಗೆ ತುಸು ಡೀಸೆಲ್ ಬೆರೆಸಿದ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಸರಿಯಾದ ಅಳತೆಯ ಪಾನಾದಿಂದ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತ ಬಿಚ್ಚಿರಿ.

ಮುಂದಿನ ಫೋರ್ಕಿನ ಮೇಲ್ತುದಿಯ ಥ್ರೆಡ್ ಹೋಗಿದ್ದರೆ ಮಾತ್ರ ಯಾವ ಉಪಾಯಕ್ಕೂ ಕೈ ಹಾಕಬೇಡಿ. ತಗಡು ಸುತ್ತುವುದು, ದಾರ ಸುತ್ತುವುದು, ಸುತ್ತಿಗೆಯಿಂದ ಬಡಿದು ಹಿಡಿಸುವುದು, ಎಲ್ಲವನ್ನೂ ನೋಡಿದ್ದೇನೆ. ಹ್ಯಾಂಡಲ್ ಹಿಡಿತವಿರುವುದು ಅಲ್ಲಿ. ಹೊಸ ಫೋರ್ಕ್ ಬರುವವರೆಗೆ ನಾಲ್ಕು ದಿನ ಗೆಳೆಯರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು ಬನ್ನಿ.